ಸಾಬೂನು ಬೇಯುವುದು ಅಚ್ಚಿನಲ್ಲಿ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮನೆಗಳಲ್ಲಿ ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕುತ್ತಾರೆ. ನೀರು ಕುಡಿದ ಮರಕ್ಕೆ ಪಾಕ ಅಂಟಿಕೊಳ್ಳುವುದಿಲ್ಲ. ಹೋಳುಗಳನ್ನು ಜೋಡಿಸಿ ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿದು, ಬಿಸಿ ಪಾಕ ಹುಯ್ದು, ಗಟ್ಟಿಯಾದ ಮೇಲೆ ಬಿಡಿಸಿದರೆ ಗೋಪುರವೋ ಗಿಳಿಯೋ ತುಳಸಿಕಟ್ಟೆಯೋ ಕೈಗೆ ಬರುತ್ತದೆ. ಮಂಡ್ಯದ ಆಲೆಮನೆಯ ಅಚ್ಚುಬೆಲ್ಲದ ಲೆಕ್ಕವೂ ಇದೇ. ಹದವೆಲ್ಲ ಕೊಪ್ಪರಿಗೆಯಲ್ಲೇ ಮುಗಿದಿರುತ್ತದೆ, ಅಚ್ಚಿಗೆ ಉಳಿದಿರುವುದು ಆಕಾರ ಕೊಡುವ ಕೆಲಸ ಮಾತ್ರ. ಅಚ್ಚು ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಅರ್ಥವೂ ಅಷ್ಟೇ. ಮನೆಯಲ್ಲಿ ಸಾಬೂನು ಮಾಡಲು ಹೊರಟವರು ಎಣ್ಣೆಯನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಕಾಸ್ಟಿಕ್ ಸೋಡವನ್ನು ಭಯಭಕ್ತಿಯಿಂದ ಅಳೆಯುತ್ತಾರೆ, ಕೊನೆಗೆ ಕೈಗೆ ಸಿಕ್ಕ ಡಬ್ಬಿಗೆ ಸುರಿದು ನಿಟ್ಟುಸಿರು ಬಿಡುತ್ತಾರೆ. ಕೆಲಸ ಮುಗಿಯಿತೆಂದು ಅವರು ಭಾವಿಸುವ ಆ ಕ್ಷಣದಲ್ಲಿ ನಿಜವಾಗಿ ಮುಗಿದಿರುವುದು ಅರ್ಧ ಮಾತ್ರ. ಸಾಬೂನಿನ ಅಚ್ಚು ಆಕಾರ ಕೊಡುವ ಪಾತ್ರೆಗಿಂತ ಹೆಚ್ಚಿನದು; ಉಳಿದರ್ಧ ಅಡುಗೆ ನಡೆಯುವ ಒಲೆ ಅದು. ಯಾವ ಅಚ್ಚು ಆರಿಸಬೇಕು, ಹೇಗೆ ತೊಳೆಯಬೇಕು, ಎಲ್ಲಿಡಬೇಕು ಎಂಬ ಪ್ರಶ್ನೆಗಳೆಲ್ಲ ಈ ಒಂದು ಸಂಗತಿಯನ್ನು ಒಪ್ಪಿಕೊಂಡರೆ ತಾವಾಗಿ ಬಗೆಹರಿಯುತ್ತವೆ.

ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಕೋಲ್ಡ್ ಪ್ರೋಸೆಸ್ ಎಂದು ಕರೆಯುವ ವಿಧಾನ. ಕಾಸ್ಟಿಕ್ ಸೋಡವನ್ನು ನೀರಿಗೆ ಹಾಕಿ ಕರಗಿಸಿ, ಆರಿಸಿ, ಎಣ್ಣೆಗಳ ಜೊತೆ ಕಡೆಯುತ್ತಾರೆ. ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಕ್ಷಣಕಾಲ ಅಳಿಸದೆ ನಿಂತರೆ ಟ್ರೇಸ್ ಬಂತೆಂದು ಅಚ್ಚಿಗೆ ಸುರಿಯುತ್ತಾರೆ. ಆಗ ಅದರಲ್ಲಿ ಎಣ್ಣೆಯೂ ಇದೆ, ಸೋಡವೂ ಇದೆ, ಸಾಬೂನಾಗಿರುವ ಭಾಗ ಸ್ವಲ್ಪವೇ. ಎಣ್ಣೆ ಮತ್ತು ಕ್ಷಾರ ಸೇರಿ ಸಾಬೂನು ಹಾಗೂ ಗ್ಲಿಸರಿನ್ ಆಗುವ ಕ್ರಿಯೆಯ ಬಹುಪಾಲು ನಡೆಯುವುದು ಅಚ್ಚಿನೊಳಗೆ, ಮುಂದಿನ ಒಂದೆರಡು ದಿನಗಳಲ್ಲಿ. ಈ ಕ್ರಿಯೆ ತನ್ನಷ್ಟಕ್ಕೇ ಶಾಖ ಹುಟ್ಟಿಸುತ್ತದೆ. ಅಚ್ಚು ಆ ಶಾಖವನ್ನು ಹಿಡಿದಿಟ್ಟುಕೊಂಡರೆ ಒಳಗಿನ ಬಿಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿ, ಮಿಶ್ರಣ ಪಾರದರ್ಶಕ ಹಲ್ವದಂತೆ ಹೊಳೆಯುವ ಜೆಲ್ ಹಂತಕ್ಕೆ ಹೋಗುತ್ತದೆ. ಹಿಡಿದಿಟ್ಟುಕೊಳ್ಳದಿದ್ದರೆ ಅಲ್ಲಿಗೆ ಹೋಗದೆ, ನಿಧಾನವಾಗಿ, ಮಂಕಾಗಿ ಗಟ್ಟಿಯಾಗುತ್ತದೆ. ಎರಡೂ ಬಳಸಬಹುದಾದ ಸಾಬೂನೇ. ತೊಂದರೆ ಬರುವುದು ನಡುಭಾಗ ಜೆಲ್ ಆಗಿ ಅಂಚುಗಳು ಆಗದೆ ಉಳಿದಾಗ. ಕತ್ತರಿಸಿದ ಪ್ರತಿ ಬಿಲ್ಲೆಯ ನಡುವೆ ಗಾಢ ಬಣ್ಣದ ಒಂದು ವೃತ್ತ ಕಾಣುತ್ತದೆ. ಎಣ್ಣೆ ಕೆಟ್ಟಿತ್ತೇನೋ, ಬಣ್ಣ ಸರಿಯಾಗಿ ಕದಡಲಿಲ್ಲವೇನೋ ಎಂದು ಜನ ಚಿಂತಿಸುತ್ತಾರೆ. ಅದು ಆ ಅಚ್ಚಿನೊಳಗೆ ಶಾಖ ಎಲ್ಲಿಯವರೆಗೆ ಹರಡಿತ್ತು ಎಂಬುದರ ನಕ್ಷೆ. ಅಚ್ಚು ಸುಮ್ಮನೆ ಕುಳಿತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿಲ್ಲ.

ಅಚ್ಚೇ ಇಲ್ಲದೆ ಜಗತ್ತು ನೂರಾರು ವರ್ಷ ಸಾಬೂನು ಮಾಡಿಲ್ಲವೇ ಎಂದು ಕೇಳಬಹುದು. ಮಾಡಿದೆ. ಸಿರಿಯಾದ ಅಲೆಪ್ಪೊದಲ್ಲಿ ಆಲಿವ್ ಮತ್ತು ಲಾರೆಲ್ ಎಣ್ಣೆಯ ಸಾಬೂನನ್ನು ನೆಲದ ಮೇಲೆ ಹರಡಿ, ಗಟ್ಟಿಯಾದ ಮೇಲೆ ಗೆರೆ ಎಳೆದು ಕತ್ತರಿಸುತ್ತಾರೆ. ಪ್ಯಾಲೆಸ್ಟೀನಿನ ನಾಬ್ಲುಸ್‌ನಲ್ಲೂ ನೆಲವೇ ಅಚ್ಚು. ಕತ್ತರಿಸಿದ ಬಿಲ್ಲೆಗಳನ್ನು ಗಾಳಿಯಾಡುವಂತೆ ಗೋಪುರಗಳಾಗಿ ಪೇರಿಸಿ ಒಣಗಿಸುತ್ತಾರೆ. ಈ ಎರಡೂ ಪರಂಪರೆಗಳು 2024ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಅಲ್ಲೆಲ್ಲ ದೊಡ್ಡ ಹಂಡೆಯಲ್ಲಿ ದಿನಗಟ್ಟಲೆ ಕುದಿಸಿ, ಕ್ರಿಯೆ ಪೂರ್ಣವಾದ ಮೇಲೆ ನೆಲಕ್ಕೆ ಸುರಿಯುತ್ತಾರೆ. ನೆಲ ಮುಟ್ಟುವುದು ಬೆಂದ ಸಾಬೂನು, ನಮ್ಮ ಅಚ್ಚುಬೆಲ್ಲದ ಹಾಗೆ. ಕಾರ್ಖಾನೆಯ ದಾರಿ ಇನ್ನೂ ಬೇರೆ. ಅಲ್ಲಿ ತಯಾರಾದ ಸಾಬೂನಿನ ಎಳೆಗಳನ್ನು ಅರೆದು, ಉದ್ದನೆಯ ಕಂಬಿಯಾಗಿ ಹೊರದಬ್ಬಿ, ತುಂಡರಿಸಿ, ಯಂತ್ರದಲ್ಲಿ ಒತ್ತಿ ರೂಪ ಕೊಡುತ್ತಾರೆ. ಅಂಗಡಿಯ ಸೋಪಿನ ಮೇಲಿನ ಹೆಸರು, ಗುರುತುಗಳು ಸಾಮಾನ್ಯವಾಗಿ ಹೀಗೆ ಒತ್ತಿ ಮೂಡಿಸಿದವು. ಆದ್ದರಿಂದ ಅಲೆಪ್ಪೊದ ನೆಲವನ್ನೋ ಕಾರ್ಖಾನೆಯ ಒತ್ತಚ್ಚನ್ನೋ ತೋರಿಸಿ ಮನೆಯ ಅಚ್ಚಿನ ಬಗ್ಗೆ ಉದಾಸೀನ ಮಾಡಲಾಗದು. ಅವರು ಸಾಬೂನನ್ನು ಸುರಿಯುತ್ತಾರೆ, ಒತ್ತುತ್ತಾರೆ; ನಾವು ಸುರಿಯುವುದು ಇನ್ನೂ ಸಾಬೂನಾಗದ, ಮೈಗೆ ತಾಗಿದರೆ ಸುಡುವ ಕ್ಷಾರದ ಮಿಶ್ರಣವನ್ನು.

ಸುಡುವ ಗುಣ ಚರ್ಮಕ್ಕಷ್ಟೇ ಮೀಸಲಲ್ಲ, ಪಾತ್ರೆಯನ್ನೂ ಅದು ಬಿಡುವುದಿಲ್ಲ. ನಮ್ಮ ಅಡುಗೆಮನೆಗಳಿಗೆ ಇದು ಮುಖ್ಯವಾದ ಮಾತು, ಏಕೆಂದರೆ ಅಚ್ಚಿಗಾಗಿ ಸುತ್ತ ಕಣ್ಣಾಡಿಸಿದರೆ ಮೊದಲು ಸಿಗುವುದು ಅಲ್ಯೂಮಿನಿಯಂ. ಹಳೆಯ ಇಡ್ಲಿ ತಟ್ಟೆ, ಕೇಕಿನ ಟಿನ್ನು, ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬಂದ ಫಾಯಿಲ್ ಡಬ್ಬಿ ಎಲ್ಲವೂ ನೋಡಲು ಸೋಪಿಗೆ ಹೇಳಿ ಮಾಡಿಸಿದ ಹಾಗಿವೆ. ಅಲ್ಯೂಮಿನಿಯಂ ಮೇಲೆ ಸಹಜವಾಗಿ ಇರುವ ತೆಳುವಾದ ಆಕ್ಸೈಡ್ ಪದರವೇ ಅದರ ರಕ್ಷಾಕವಚ. ಕಾಸ್ಟಿಕ್ ಸೋಡ ಆ ಪದರವನ್ನು ಕರಗಿಸಿ ಲೋಹವನ್ನೇ ತಿನ್ನತೊಡಗುತ್ತದೆ. ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ, ಶಾಖವೂ ಹುಟ್ಟುತ್ತದೆ. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ, ಪಕ್ಕದಲ್ಲಿ ಉರಿಯುವ ಒಲೆಯಿದ್ದರೆ ಅಪಾಯ. ಅತ್ತ ಅಳೆದು ಹಾಕಿದ ಸೋಡದ ಒಂದು ಪಾಲು ಎಣ್ಣೆಗೆ ಸಿಗದೆ ಲೋಹಕ್ಕೆ ಹೋಗುತ್ತದೆ, ಸಾಬೂನು ಕಪ್ಪಾಗಿ ಹಳ್ಳ ಬಿದ್ದು ಕೆಡುತ್ತದೆ. ಸತು ಮತ್ತು ತವರದ್ದೂ ಇದೇ ಕಥೆ. ಹಾಗಾಗಿ ಸತು ಲೇಪಿಸಿದ ತಗಡೂ ಬೇಡ, ಕಲಾಯಿ ಮಾಡಿದ ಪಾತ್ರೆಯೂ ಬೇಡ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ, ಕಬ್ಬಿಣಗಳು ಹೀಗೆ ನೊರೆಗಟ್ಟುವುದಿಲ್ಲ. ಆದರೆ ಅವುಗಳ ಅಂಶ ಅಣುವಿನಷ್ಟು ಸೇರಿದರೂ ಸಾಬೂನಿನಲ್ಲಿ ಉಳಿದ ಎಣ್ಣೆ ಬೇಗ ಕಮಟಾಗಿ, ಕೆಲವು ವಾರಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತವೆ. ನಾನ್‌ಸ್ಟಿಕ್ ಪಾತ್ರೆಯ ಲೇಪದ ಕೆಳಗೆ ಇರುವುದೂ ಬಹುತೇಕ ಅಲ್ಯೂಮಿನಿಯಮ್ಮೇ, ಒಂದು ಗೀರು ಬಿದ್ದರೆ ಸಾಕು. ಲೋಹವೇ ಬೇಕೆನ್ನುವವರಿಗೆ ಉಳಿಯುವುದು ಸ್ಟೀಲು. ಹುಳಿಯನ್ನು ಕಲಾಯಿ ಹೋದ ಹಿತ್ತಾಳೆಯಲ್ಲಿ ಮಾಡಬಾರದೆಂದು ನಮ್ಮ ಹಿರಿಯರು ತಿಳಿದಿದ್ದರು. ಆಮ್ಲದ ಬಗ್ಗೆ ಇದ್ದ ಆ ಎಚ್ಚರವನ್ನು ಕ್ಷಾರದ ಬಗ್ಗೆಯೂ ಬೆಳೆಸಿಕೊಳ್ಳಬೇಕಾಗಿದೆ.

ಸ್ಟೀಲು ಕ್ಷಾರಕ್ಕೆ ಜಗ್ಗದು, ಆದರೆ ಬಾಗುವುದೂ ಇಲ್ಲ. ಬಾಗದ ಅಚ್ಚಿನಿಂದ ಎಳೆ ಸಾಬೂನನ್ನು ಬಿಡಿಸುವುದು ಹೇಗೆ? ಇಡ್ಲಿ ತಟ್ಟೆಗೆ ಸವರುವ ಹಾಗೆ ಎಣ್ಣೆ ಸವರಿದರಾಯಿತು ಎಂಬ ಸಲಹೆ ಎಲ್ಲರ ಬಾಯಲ್ಲೂ ಬರುತ್ತದೆ. ಇದು ಕೇಳಲು ನ್ಯಾಯವಾಗಿದೆ, ಕೆಲಸಕ್ಕೆ ಬರುವುದಿಲ್ಲ. ಕೊಬ್ಬರಿ ಎಣ್ಣೆಯಾಗಲಿ ಕಡಲೆಕಾಯಿ ಎಣ್ಣೆಯಾಗಲಿ ಸವರಿದ ಕೂಡಲೇ ಪಕ್ಕದಲ್ಲಿರುವ ಸೋಡ ಅದನ್ನೂ ಹಿಡಿದು ಸಾಬೂನಾಗಿಸುತ್ತದೆ. ಜಾರಿಸಬೇಕಾದ ಪದರ ಅಂಟಾಗುತ್ತದೆ. ವ್ಯಾಸಲೀನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಖನಿಜ ತೈಲದಿಂದ ಬಂದವು. ಕ್ಷಾರಕ್ಕೆ ಅವನ್ನು ಸಾಬೂನು ಮಾಡಲು ಬಾರದು, ಅದರಿಂದ ಅವು ಜಾರುಪದರವಾಗಿಯೇ ಉಳಿಯುತ್ತವೆ. ಅದಕ್ಕಿಂತ ಒಳ್ಳೆಯ ದಾರಿ ಬೇಕರಿಯವರು ಬಳಸುವ ಬಟರ್ ಪೇಪರನ್ನು ಒಳಗೆ ಹಾಸುವುದು. ಕಾಗದದ ಎರಡು ಬದಿ ಅಚ್ಚಿನ ಅಂಚಿನಿಂದ ಹೊರಗೆ ಚಾಚಿದ್ದರೆ ಅವೇ ಹಿಡಿಕೆಗಳು, ಇಡೀ ಗಟ್ಟಿಯನ್ನು ಹಾಗೇ ಮೇಲೆತ್ತಬಹುದು. ಮೂಲೆಗಳಲ್ಲಿ ಮಡಿಕೆ ಬಿದ್ದರೆ ಆ ಮಡಿಕೆಯೇ ಸಾಬೂನಿನ ಮೇಲೆ ಮೂಡುತ್ತದೆ, ಸ್ವಲ್ಪ ತಾಳ್ಮೆಯಿಂದ ಕತ್ತರಿಸಿ ಕೂರಿಸಬೇಕು. ಸುದ್ದಿಪತ್ರಿಕೆ ಹಾಸಬಾರದು, ಒದ್ದೆಯಾಗಿ ಹರಿಯುತ್ತದೆ, ಶಾಯಿಯನ್ನೂ ಬಿಡುತ್ತದೆ.

ಸಕ್ಕರೆ ಅಚ್ಚಿನ ಮರ ನಮಗೆ ಹಳೆಯ ಪರಿಚಯ. ಅದರಲ್ಲೇ ಸಾಬೂನು ಹುಯ್ದರೇನು ಎಂಬ ಆಸೆ ಸಹಜ. ಬರಿಯ ಮರವನ್ನು ಕ್ಷಾರ ನಿಧಾನವಾಗಿ ಕೊರೆದು ಮೆತ್ತಗೆ ಮಾಡುತ್ತದೆ, ಕೆತ್ತನೆಯ ಸಂದುಗಳಲ್ಲಿ ಸಾಬೂನು ಬೇರೂರುತ್ತದೆ. ಆಮೇಲೆ ಆ ಅಚ್ಚು ಹಬ್ಬಕ್ಕೂ ಇಲ್ಲ, ಸಾಬೂನಿಗೂ ಇಲ್ಲ. ತಲೆಮಾರುಗಳಿಂದ ಬಂದ ಕೆತ್ತನೆಯ ಅಚ್ಚುಗಳನ್ನು ಇಂಥ ಪ್ರಯೋಗಕ್ಕೆ ಒಡ್ಡುವುದು ನನಗಂತೂ ಸಂಕಟದ ವಿಷಯ. ಆದರೆ ಒಳಗೆ ಕಾಗದವನ್ನೋ ಸಿಲಿಕೋನ್ ಹಾಳೆಯನ್ನೋ ಹಾಸಿದ ಮರದ ನೇರ ಪೆಟ್ಟಿಗೆ ಸಾಬೂನಿಗೆ ಅತ್ಯುತ್ತಮ ಒಲೆ. ಮರ ಶಾಖವನ್ನು ಹೊರಬಿಡುವುದಿಲ್ಲ, ಆದ್ದರಿಂದ ಬಿಸಿ ಅಂಚಿನವರೆಗೂ ಸಮನಾಗಿ ಹರಡುತ್ತದೆ. ಅದೇ ಮಿಶ್ರಣವನ್ನು ಬಿಡಿ ಬಿಡಿಯಾದ ಪುಟ್ಟ ಗುಳಿಗಳಿಗೆ ಹುಯ್ದರೆ ಪ್ರತಿಯೊಂದೂ ಬೇಗ ತಣ್ಣಗಾಗುತ್ತದೆ. ಯಾವುದು ಮೇಲು ಎಂಬುದನ್ನು ಮಿಶ್ರಣವೇ ಹೇಳಬೇಕು. ಜೇನು, ಹಾಲು, ಬೆಲ್ಲ ಸೇರಿದ ಮಿಶ್ರಣ ತಾನಾಗಿಯೇ ವಿಪರೀತ ಕಾಯುತ್ತದೆ. ಅದನ್ನು ಮರದ ಪೆಟ್ಟಿಗೆಯಲ್ಲಿ ತುಂಬಿ ಮೇಲೆ ಕಂಬಳಿ ಹೊದಿಸಿದರೆ ನಡುವೆ ಬಿರಿದು ಉಕ್ಕಿ ಹರಿಯಬಹುದು. ಅಂಥದಕ್ಕೆ ಪುಟ್ಟ ಗುಳಿಗಳೇ ಸರಿ. ಅಪ್ಪಟ ಕೊಬ್ಬರಿ ಎಣ್ಣೆಯ ಸಾಬೂನಿಗೂ ಇದೇ ಮಾತು, ಕಾರಣ ಮಾತ್ರ ಬೇರೆ. ಅದು ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ರಾತ್ರಿ ಹುಯ್ದು ಮರುದಿನ ಸಂಜೆ ಚಾಕು ಇಟ್ಟರೆ ಒಡೆದು ಚೂರಾಗುತ್ತದೆ. ಕರಾವಳಿಯಲ್ಲಿ ಮನೆಯ ಕೊಬ್ಬರಿ ಎಣ್ಣೆಯಿಂದಲೇ ಸಾಬೂನು ಮಾಡುವವರು ಬಿಲ್ಲೆಯ ಅಳತೆಯ ಗುಳಿಗಳನ್ನೇ ಬಳಸಿದರೆ ಕತ್ತರಿಸುವ ಗೋಜೇ ಇರುವುದಿಲ್ಲ. ಆಲಿವ್ ಎಣ್ಣೆ ಇದಕ್ಕೆ ತದ್ವಿರುದ್ಧ, ಎರಡು ಮೂರು ದಿನವಾದರೂ ಮೇಣದಂತೆ ಮೆತ್ತಗಿರುತ್ತದೆ.

ಇಷ್ಟೆಲ್ಲ ಹೇಳುವುದು ಮನೆಯ ಕೆಲಸವನ್ನು ದುಬಾರಿ ಮಾಡುವುದಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕೈಯಿಂದ ಮಾಡಿದ ಸಾಬೂನಿನ ಹಿಂದಿರುವ ಮನೋಧರ್ಮವೇ ಇದ್ದುದರಲ್ಲಿ ಮಾಡಿಕೊಳ್ಳುವುದು. ಒಂದು ತಿಂಗಳ ಹವ್ಯಾಸಕ್ಕಾಗಿ ಹೂವು, ಚಿಟ್ಟೆ, ಗಣಪತಿಯ ಆಕಾರದ ಹತ್ತು ಅಚ್ಚು ಕೊಳ್ಳುವುದು ಖಂಡಿತ ಬೇಕಿಲ್ಲ. ಖಾಲಿಯಾದ ಐಸ್‌ಕ್ರೀಂ ಡಬ್ಬಿ ಸಾಕು, ಆದರೆ ತಳವನ್ನು ತಿರುಗಿಸಿ ನೋಡಿದ ಮೇಲೆ. ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಗಟ್ಟಿ ಪಾಲಿಥೀನ್. ಇವೆರಡೂ ಕ್ಷಾರವನ್ನೂ ಜೆಲ್ ಹಂತದ ಬಿಸಿಯನ್ನೂ ತಡೆಯುತ್ತವೆ. 1 ಎಂದಿದ್ದರೆ ಕುಡಿಯುವ ನೀರಿನ ಬಾಟಲಿಯ ಜಾತಿ, 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಳಸಿ ಎಸೆಯುವ, ಪಟ್ಟನೆ ಮುರಿಯುವ 6ರ ಲೋಟ ತಟ್ಟೆಗಳನ್ನೂ ದೂರವಿಡಬೇಕು. ಹಣ್ಣಿನ ರಸದ ರಟ್ಟಿನ ಪೊಟ್ಟಣಗಳ ಒಳಗಿನ ಕೊನೆಯ ಪದರ ಪ್ಲಾಸ್ಟಿಕ್, ಆದರೆ ಅದರ ಹಿಂದೆಯೇ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಕತ್ತರಿಸಿದ ಅಂಚಿಗೆ ಸಾಬೂನು ತಾಗದ ಹಾಗೆ ನೋಡಿಕೊಂಡರೆ ಒಂದು ಸಲಕ್ಕೆ ನಡೆಯುತ್ತದೆ. ಗಾಜು ಬೇಡ. ಸಾಬೂನು ಮುರಿಯದೆ ಹೊರಬರುವುದು ಕಷ್ಟ, ಕ್ಷಾರ ಗಾಜನ್ನೂ ಕಾಲಕ್ರಮದಲ್ಲಿ ಮಸುಕಾಗಿಸುತ್ತದೆ. ಮಿತವ್ಯಯ ಬೇಕು ಎನ್ನುವವರ ಜೊತೆ ನಾನಿದ್ದೇನೆ. ಯಾವ ಡಬ್ಬಿಯಾದರೂ ಆದೀತು ಎನ್ನುವವರ ಜೊತೆ ಇಲ್ಲ.

ಡಬ್ಬಿ ಆರಿಸಿದ ಮೇಲೆ ಅದಕ್ಕೆ ಎಷ್ಟು ಎಣ್ಣೆ ಎಂಬ ಲೆಕ್ಕವಿದೆ. ಉದ್ದ, ಅಗಲ, ಸಾಬೂನು ನಿಲ್ಲಬೇಕಾದ ಎತ್ತರ ಇವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.69ರಿಂದ ಮತ್ತೆ ಗುಣಿಸಿದರೆ ಬೇಕಾದ ಒಟ್ಟು ಎಣ್ಣೆ ಗ್ರಾಂಗಳಲ್ಲಿ ಸಿಗುತ್ತದೆ; ನೀರಿಗೂ ಸೋಡಕ್ಕೂ ಜಾಗ ಬಿಟ್ಟಾಗಿರುತ್ತದೆ. 25 ಸೆಂಟಿಮೀಟರ್ ಉದ್ದ, 8 ಅಗಲ, 6 ಎತ್ತರದ ಪೆಟ್ಟಿಗೆಗೆ ಸುಮಾರು 830 ಗ್ರಾಂ ಎಣ್ಣೆ. ಸೋಡದ ಲೆಕ್ಕವನ್ನು ಮಾತ್ರ ಪ್ರತಿ ಎಣ್ಣೆಗೂ ಬೇರೆ ಬೇರೆಯಾಗಿಯೇ ಹಾಕಬೇಕು. ಒಂದು ಕಿಲೋ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಸಾಬೂನಾಗಿಸಲು ಸುಮಾರು 183 ಗ್ರಾಂ ಸೋಡ ಬೇಕು, ಆಲಿವ್ ಎಣ್ಣೆಗೆ 135 ಗ್ರಾಂ ಸಾಕು. ಅಚ್ಚು ತುಂಬಲಿಲ್ಲವೆಂದು ಕೊನೆಯಲ್ಲಿ ಒಂದು ಸೌಟು ಎಣ್ಣೆ ಸುರಿಯುವುದು, ಹೆಚ್ಚಾಯಿತೆಂದು ಉಳಿದದ್ದನ್ನು ಸಿಂಕಿಗೆ ಚೆಲ್ಲುವುದು ಎರಡೂ ಅಚ್ಚನ್ನು ಮೊದಲೇ ಅಳೆಯದೆ ಇದ್ದುದರ ಫಲ.

ಈಗ ಹೆಚ್ಚಿನವರು ಕೊಳ್ಳುವುದು ಸಿಲಿಕೋನ್ ಅಚ್ಚು. ಬಾಗುತ್ತದೆ, ಕ್ಷಾರಕ್ಕೆ ಅಂಜುವುದಿಲ್ಲ, 200 ಡಿಗ್ರಿಯ ಬಿಸಿಯನ್ನೂ ತಾಳುತ್ತದೆ, ಕಾಗದ ಹಾಸುವ ಕೆಲಸವಿಲ್ಲ. ಹಾಗಾದರೆ ಉಳಿದ ಚರ್ಚೆಯೆಲ್ಲ ಏಕೆ, ಸಿಲಿಕೋನ್ ತಂದರೆ ಮುಗಿಯಿತಲ್ಲ ಎಂದರೆ ಮುಗಿಯುವುದಿಲ್ಲ. ಸಿಲಿಕೋನಿನ ಗೋಡೆ ತೇವವನ್ನು ಹೊರಬಿಡುವುದಿಲ್ಲ, ಆದ್ದರಿಂದ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಒಂದು ದಿನಕ್ಕೆ ಬಿಡುವ ಸಾಬೂನು ಇದರಲ್ಲಿ ಎರಡು ಮೂರು ದಿನ ಹಿಡಿಯಬಹುದು. ಹೊರಗೆ ಪೆಟ್ಟಿಗೆಯ ಆಧಾರವಿಲ್ಲದ ಉದ್ದನೆಯ ಸಿಲಿಕೋನ್ ತೊಟ್ಟಿ ತುಂಬಿದ ಕೂಡಲೇ ಹೊಟ್ಟೆ ಬಿಡುತ್ತದೆ. ಬಿಸಿ ಮಿತಿಮೀರಿದರೆ ಗೋಡೆಗೆ ತಾಗಿದ ಮೈಯೆಲ್ಲ ಬೆವರುಗುಳ್ಳೆಯಂತೆ ತರಿತರಿಯಾಗುತ್ತದೆ. ಸುಗಂಧ ತೈಲದ ವಾಸನೆಯನ್ನೂ ಸಿಲಿಕೋನ್ ಹೀರಿಕೊಳ್ಳುತ್ತದೆ. ಈ ತಿಂಗಳ ಬೇವಿನ ಸಾಬೂನಿನ ಘಾಟು ಮುಂದಿನ ತಿಂಗಳ ಮಲ್ಲಿಗೆಯಲ್ಲಿ ಇಣುಕುತ್ತದೆ. ತೀಕ್ಷ್ಣ ವಾಸನೆಗೊಂದು, ಸೌಮ್ಯಕ್ಕೊಂದು ಎಂದು ಬೇರೆಯಿಡುವುದೇ ಇದಕ್ಕೆ ಉಪಾಯ. ಸಿಲಿಕೋನ್ ಒಳ್ಳೆಯ ಒಲೆ ನಿಜ. ಎಲ್ಲ ಅಡುಗೆಗೂ ಒಂದೇ ಒಲೆ ಎಂಬುದು ಮಾತ್ರ ನಿಜವಲ್ಲ.

ಬಿಡಿಸುವ ಹೊತ್ತಿಗೆ ಅವಸರವೇ ಶತ್ರು. ಸಾಮಾನ್ಯವಾಗಿ 24ರಿಂದ 48 ಗಂಟೆ ಕಾಯಬೇಕು. ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಗಟ್ಟಿ ಬೆಣ್ಣೆಯಂತೆ ಗುಳಿ ಬಿದ್ದರೆ ಇನ್ನೂ ಹೊತ್ತಿದೆ ಎಂದರ್ಥ. ಕೈಗವಸು ಹಾಕಿಯೇ ಒತ್ತಬೇಕು, ಅದರಲ್ಲಿ ಇನ್ನೂ ಕ್ಷಾರ ಉಳಿದಿರುತ್ತದೆ. ಮೂಲೆಗಳು ಮುರಿಯುತ್ತಿದ್ದರೆ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು ತೆಗೆಯಬಹುದು, ಹೊರಗೆ ಬಂದ ಮೇಲೆ ಮೈಮೇಲೆ ನೀರು ಬೆವರುತ್ತದೆ, ಒರೆಸದೆ ಗಾಳಿಗೆ ಬಿಟ್ಟರೆ ತಾನೇ ಆರುತ್ತದೆ. ಮುಂದಿನ ಸಲ ಸೋಡ ಹಾಕುವ ಮೊದಲೇ ನೀರಿನಲ್ಲಿ ಅರ್ಧ ಕಿಲೋ ಎಣ್ಣೆಗೆ ಒಂದು ಟೀ ಚಮಚದಷ್ಟು ಉಪ್ಪು ಕರಗಿಸಿಕೊಂಡರೆ ಗಟ್ಟಿ ಬೇಗ ಕೂಡಿ ಅಚ್ಚು ಸಲೀಸಾಗಿ ಬಿಡುತ್ತದೆ. ಮೇಲ್ಮೈಯಲ್ಲಿ ಬಿಳಿ ಬೂದಿಯಂಥ ಪದರ ಕಂಡರೆ ಅದು ಬೂಷ್ಟು ಎಂದು ಗಾಬರಿಯಾಗಬೇಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೋಡ ಸೇರಿ ಆದ ವಾಷಿಂಗ್ ಸೋಡ ಅದು. ಹುಯ್ದ ಕೂಡಲೇ ಅಚ್ಚಿನ ಬಾಯಿ ಮುಚ್ಚಿದ್ದರೆ ಅದು ಬಹುಮಟ್ಟಿಗೆ ಬರುತ್ತಿರಲಿಲ್ಲ. ಅಚ್ಚಿಗೆ ಮುಚ್ಚಳ ಬೇಕಾಗುವುದು ಧೂಳಿಗಾಗಿ ಮಾತ್ರವಲ್ಲ.

ಇನ್ನು ತೊಳೆಯುವ ವಿಚಾರ. ಸಾಬೂನು ಬಿಡಿಸಿದ ಕೂಡಲೇ ಅಚ್ಚನ್ನು ಉಜ್ಜಲು ಕೂರುವುದು ಶುಚಿತನದಂತೆ ಕಂಡರೂ ತಪ್ಪು ಕ್ರಮ. ಅಂಚಿನಲ್ಲಿ ಅಂಟಿರುವುದು ಎಳೆ ಸಾಬೂನು, ಕೈ ಸುಡುತ್ತದೆ, ಜಿಡ್ಡೂ ಹೋಗುವುದಿಲ್ಲ. ಒಂದೆರಡು ದಿನ ಬಿಟ್ಟರೆ ಆ ಜಿಡ್ಡೇ ಸಾಬೂನಾಗಿ, ಬಿಸಿನೀರಿನಲ್ಲಿ ನೆನೆಸಿದರೆ ನೊರೆಯಾಗಿ ತಾನೇ ಬಿಟ್ಟುಹೋಗುತ್ತದೆ. ತನ್ನನ್ನು ತೊಳೆಯುವ ವಸ್ತುವನ್ನು ತಾನೇ ಹೊತ್ತಿರುವ ಪಾತ್ರೆ ಮನೆಯಲ್ಲಿ ಇದೊಂದೇ ಇರಬೇಕು. ಸ್ಟೀಲ್ ನಾರು, ಚಾಕುವಿನ ತುದಿ ಮುಟ್ಟಿಸಬಾರದು. ಸಿಲಿಕೋನಿನಲ್ಲಿ ಬಿದ್ದ ಗೀರು ಮುಂದಿನ ಪ್ರತಿ ಬಿಲ್ಲೆಯಲ್ಲೂ ಗೆರೆಯಾಗಿ ಮೂಡುತ್ತದೆ, ಅಲ್ಲಿಂದಲೇ ಹರಿಯಲೂ ತೊಡಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ಎಷ್ಟು ತೊಳೆದರೂ ಬಿಳಿಯ ಮಂಕು ಉಳಿಯುತ್ತದೆ. ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಕಟ್ಟಿದ ಪದರವದು. ಮತ್ತಷ್ಟು ಸಾಬೂನು ಹಾಕಿ ಉಜ್ಜಿದರೆ ಇನ್ನಷ್ಟು ಕಟ್ಟುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲೋ ನಿಂಬೆರಸದಲ್ಲೋ ಒರೆಸಿ ತೊಳೆದರೆ ಹೋಗುತ್ತದೆ. ಬಳಿಕ ಪೂರ್ತಿ ಆರಬೇಕು. ಗುಳಿಯ ತಳದಲ್ಲಿ ಒಂದು ಹನಿ ನೀರು ಉಳಿದರೂ ಬಿಲ್ಲೆಯ ಮುಖದ ಮೇಲೆ ಕಲೆಯಾಗುತ್ತದೆ. ಮರದ ಪೆಟ್ಟಿಗೆಯನ್ನು ಮಾತ್ರ ನೆನೆಸಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಿಸಬೇಕು. ಸಕ್ಕರೆ ಅಚ್ಚಿನ ಅಭ್ಯಾಸ ಇಲ್ಲಿ ತಲೆಕೆಳಗಾಗುತ್ತದೆ: ಅಲ್ಲಿ ಹುಯ್ಯುವ ಮುನ್ನ ನೆನೆಹಾಕಿದ್ದು, ಇಲ್ಲಿ ನೆಂದರೆ ಹಲಗೆ ಸೊಟ್ಟಗಾಗಿ ಸಂದು ಬಿಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ನಿಜವಾಗಿಯೂ ಬರುವುದು ಈ ಪೆಟ್ಟಿಗೆಗೆ. ಮುಚ್ಚಿದ ಕಪಾಟಿಗಿಂತ ಗಾಳಿಯಾಡುವ ಅಟ್ಟ ಅದಕ್ಕೆ ಹಿತ. ಸಿಲಿಕೋನ್ ಅಚ್ಚುಗಳ ಮೇಲೆ ಭಾರ ಹೇರಿದರೆ ಅವು ಅದೇ ಭಂಗಿಗೆ ಒಗ್ಗಿಹೋಗುತ್ತವೆ, ಸಪಾಟಾಗಿ ಹಾಸಿಡಬೇಕು.

ಮೆಲ್ಟ್ ಆ್ಯಂಡ್ ಪೋರ್ ಬೇಸ್ ತಂದು ಕರಗಿಸಿ ಹುಯ್ಯುವವರು ಇದೆಲ್ಲ ನಮಗೆ ಅನ್ವಯಿಸದು ಎನ್ನಬಹುದು. ಬಹುಪಾಲು ಅನ್ವಯಿಸದು, ಒಪ್ಪುತ್ತೇನೆ. ಅದು ಸಿದ್ಧವಾದ ಸಾಬೂನು, ಅಲ್ಲಿ ಅಚ್ಚು ನಿಜಕ್ಕೂ ಆಕಾರಕ್ಕೆ ಮಾತ್ರ. ಹುಯ್ಯುವ ಬಿಸಿಯನ್ನು ತಾಳುವ ಯಾವ ಅಚ್ಚಾದರೂ ಆದೀತು. ಒಂದು ನಿಯಮ ಮಾತ್ರ ಇಬ್ಬರಿಗೂ ಒಂದೇ. ಸಾಬೂನಿಗೆ ಬಳಸಿದ ಅಚ್ಚು, ಬಟ್ಟಲು, ಸೌಟು ಮತ್ತೆ ಅಡುಗೆಮನೆಗೆ ಹೋಗಬಾರದು. ಚೆನ್ನಾಗಿ ತೊಳೆದ ಮೇಲೂ ಸುಗಂಧ ಮತ್ತು ಬಣ್ಣದ ಅಂಶ ಸಿಲಿಕೋನಿನಲ್ಲಿ ಉಳಿದಿರುತ್ತದೆ. ಹೂವಿನ ಆಕಾರದ ಆ ಅಚ್ಚನ್ನು ಕಂಡ ಮಗು ಚಾಕಲೇಟು ಹುಯ್ಯೋಣವೆಂದು ಎತ್ತಿಕೊಂಡು ಬರುವುದು ಎಂದಾದರೂ ನಡೆಯುವಂಥದ್ದೇ. ಪ್ರತಿ ಅಚ್ಚಿನ ಬೆನ್ನಿಗೆ ಅಳಿಸದ ಶಾಯಿಯಲ್ಲಿ ಸಾಬೂನು ಎಂದು ಬರೆದು, ಎಷ್ಟು ಗ್ರಾಂ ಎಣ್ಣೆ ಹಿಡಿಯುತ್ತದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿ, ಬೇರೆ ಡಬ್ಬದಲ್ಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಸೋಡದ ಡಬ್ಬಿಯೂ ಅದರ ಪಕ್ಕದಲ್ಲೇ, ಬೀಗದೊಳಗೆ ಇರಲಿ.